ತಂಗಸಾಲೆ ಬೀದಿಯ ಡ್ರಮ್ಮಿನವನ ಅರಿಕೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಮಾತನಾಡತಕ್ಕವರು ಸಾಹಿತಿಗಳು, ಪ್ರಾಧ್ಯಾಪಕರು. ನಾನಾದರೋ ನನ್ನ ಆಯುಷ್ಯದ ಬಹುಭಾಗವನ್ನು ವೇದಿಕೆಯ ಹಿಂಭಾಗದಲ್ಲಿ ಕುಳಿತು ಕಳೆದವನು. ಡ್ರಮ್ ಬಾರಿಸುವವನ ಸ್ಥಾನವೇ ಅದು. ಹಾಡುವವರ ಬೆನ್ನು, ಗಿಟಾರಿನವನ ಅಂಗಿಯ ಹೊಲಿಗೆ, ಇಷ್ಟೇ ಅವನಿಗೆ ಕಾಣುವುದು. ಸಭೆಯ ಮುಖ ಕಾಣುವುದಿಲ್ಲ. ಈ ದಿನ ನಿಮ್ಮೆಲ್ಲರ ಮುಖಗಳನ್ನು ಒಟ್ಟಿಗೆ ನೋಡುವಾಗ ಸ್ವಲ್ಪ ಅಂಜಿಕೆಯೇ ಆಗುತ್ತಿದೆ. ಕಾರ್ಯದರ್ಶಿಗಳು “ಅರ್ಧ ಘಂಟೆ ಮಾತನಾಡಿ, ಆದರೆ ದಯವಿಟ್ಟು ಬಾರಿಸಬೇಡಿ” ಎಂದು ಷರತ್ತು ಹಾಕಿ ಕರೆತಂದಿದ್ದಾರೆ. ಆ ಷರತ್ತಿನ ಹಿಂದಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಅಪ್ಪಯ್ಯ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದಾಗ ದಕ್ಷಿಣ ಕನ್ನಡ ಜಿಲ್ಲೆಯು ಇನ್ನೂ ಮದರಾಸು ಆಡಳಿತಕ್ಕೇ ಸೇರಿತ್ತು. 1956ರ ನವೆಂಬರ್ ಒಂದನೆಯ ತಾರೀಖಿನವರೆಗೂ ನಮ್ಮ ಕಡೆಯವರಿಗೆ ಮದರಾಸೇ ರಾಜಧಾನಿ. ಆದುದರಿಂದ ಅಪ್ಪಯ್ಯ ಪರಸ್ಥಳಕ್ಕೆ ಬಂದರೆಂದು ಹೇಳುವಂತಿಲ್ಲ; ಅವರು ಕುಳಿತಲ್ಲೇ ಕುಳಿತಿರಲು ಗಡಿಯೇ ಸರಿದು ಅವರನ್ನು ಪರಸ್ಥಳದವರನ್ನಾಗಿ ಮಾಡಿತು. ಕಡಂದಲೆಯ ಕೃಷ್ಣರಾಯರು ಇದೇ ಜಾರ್ಜ್‌ಟೌನಿನ ಹೋಟೆಲಿನ ಕೆಲಸದಿಂದ ಮೊದಲುಮಾಡಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆಯುವಷ್ಟು ಮೇಲೆ ಬಂದ ಕಥೆಯನ್ನು ಕೇಳದ ಹುಡುಗ ನಮ್ಮ ಊರುಗಳಲ್ಲಿ ಆಗ ಇರಲಿಲ್ಲ. ಅಪ್ಪಯ್ಯ ಅಷ್ಟು ಮೇಲೆ ಬರಲಿಲ್ಲ. ಒಂದು ಹೋಟೆಲಿನ ಗಲ್ಲದ ಮೇಲೆ ಕುಳಿತು ಚಿಲ್ಲರೆ ಎಣಿಸಿದರು, ತಂಗಸಾಲೆ ಬೀದಿಯ ಸಂದಿಯೊಂದರಲ್ಲಿ ಒಂದೂವರೆ ಕೋಣೆ ಬಾಡಿಗೆ ಹಿಡಿದರು, ನಮ್ಮನ್ನು ಸಾಕಿದರು.

ಆ ಸಂದಿಯ ಗದ್ದಲವನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಕೈಗಾಡಿಯವನ ಕೂಗು ತಮಿಳಿನಲ್ಲಿ, ಗಾಡಿಯಲ್ಲಿರುವ ಮಾಲಿನ ಯಜಮಾನನ ಕೂಗು ಮಾರವಾಡಿಯಲ್ಲಿ, ಲೆಕ್ಕ ಬರೆಯುವುದು ಗುಜರಾತಿಯಲ್ಲಿ, ಎದುರುಮನೆಯ ಜಗಳ ತೆಲುಗಿನಲ್ಲಿ. ನಮ್ಮ ಕನ್ನಡ ಮನೆಯೊಳಗೆ, ಅದೂ ಬೈಗುಳಕ್ಕೆ ಹೆಚ್ಚು. ಮದುವೆಯ ಕಾಲ ಬಂತೆಂದರೆ ಬ್ಯಾಂಡಿನವರು ಬರುತ್ತಿದ್ದರು. ವರನು ಕುದುರೆಯ ಮೇಲೆ, ತಲೆಯ ಮೇಲೆ ಗ್ಯಾಸ್ ದೀಪ ಹೊತ್ತ ಹೆಂಗಸರು ಎರಡು ಸಾಲಿನಲ್ಲಿ, ಅವರ ಮುಂದೆ ಕೆಂಪು ಕೋಟಿನ ಬ್ಯಾಂಡು. ಕ್ಲಾರಿಯೊನೆಟ್ಟಿನವನನ್ನು ಎಲ್ಲರೂ ನೋಡುತ್ತಿದ್ದರು. ನಾನು ನೋಡುತ್ತಿದ್ದುದು ಸೊಂಟಕ್ಕೆ ಸೈಡ್ ಡ್ರಮ್ ಕಟ್ಟಿಕೊಂಡವನ ಮಣಿಕಟ್ಟನ್ನು. ಹಗಲು ಅವರು ವಾಸವಿದ್ದ ಕೋಣೆಗೆ ಹೋಗಿ ಅವರ ಬೂಟಿಗೆ ಪಾಲಿಷ್ ಹಾಕಿಕೊಟ್ಟು ಬದಲಿಗೆ ಎರಡು ಕೋಲು ಹಿಡಿಯುವ ಕ್ರಮವನ್ನು ಕಲಿತೆ. ನನ್ನ ಗುರುಕುಲವಾಸವೆಂದರೆ ಅಷ್ಟೇ.

ಅಪ್ಪಯ್ಯನಿಗೆ ಯಕ್ಷಗಾನದ ಹುಚ್ಚು. ಬಡಗುತಿಟ್ಟಿನ ಚಂಡೆಯ ಪೆಟ್ಟುಗಳನ್ನು ಬಾಯಲ್ಲಿ ಹೇಳುತ್ತ ಗಲ್ಲದ ಮೇಜನ್ನು ಬೆರಳಿನಿಂದ ಬಾರಿಸುವುದು ಅವರ ಅಭ್ಯಾಸ. ನಾನು ಮೊದಲ ಬಾರಿ ಸಭೆಯಲ್ಲಿ ಡ್ರಮ್ ಬಾರಿಸಿದ್ದನ್ನು ಅವರು ಕೊನೆಯ ಸಾಲಿನಲ್ಲಿ ನಿಂತು ಕೇಳಿ, ಮನೆಗೆ ಬಂದ ಮೇಲೆ, “ಲಯ ಅಡ್ಡಿಲ್ಲ ಮಾಣಿ, ಆದ್ರೆ ನಿನ್ನ ಬಿಡ್ತಿಗೆ ಸಮ ಇಲ್ಲೆ” ಎಂದರು. ಪಾಶ್ಚಾತ್ಯರು ‘ಫಿಲ್’ ಎಂದು ಕರೆಯುವ ಆ ತುಂಬಿಕೆಯ ಪೆಟ್ಟುಗಳನ್ನು ಅವರು ಚಂಡೆಯ ಬಿಡ್ತಿಗೆಯೆಂದೇ ಎಣಿಸಿ ತಪ್ಪು ಹುಡುಕಿದ್ದರು. ನನ್ನ ವಾದನಕ್ಕೆ ಬಂದ ಮೊದಲ ವಿಮರ್ಶೆ ಅದು. ಅದಕ್ಕಿಂತ ಸರಿಯಾದ ವಿಮರ್ಶೆ ಆಮೇಲೂ ಬರಲಿಲ್ಲ. ಅದಾದ ಮೇಲೆ ಅವರು ಕೇಳಿದ್ದು, “ಇದ್ರಲ್ಲಿ ಹೊಟ್ಟಿ ತುಂಬತ್ತಾ?” ಎಂದು. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತ ನನ್ನ ಐವತ್ತು ವರ್ಷ ಕಳೆದುವು.

ಡ್ರಮ್ ಸೆಟ್ ಎಂಬುದು ಅವಿಭಕ್ತ ಕುಟುಂಬವಿದ್ದಂತೆ. ಬ್ಯಾಂಡಿನಲ್ಲಿ ಸೈಡ್ ಡ್ರಮ್ ಒಬ್ಬನಿಗೆ, ದೊಡ್ಡ ಡ್ರಮ್ ಒಬ್ಬನಿಗೆ, ಕಂಚಿನ ತಾಳ ಮತ್ತೊಬ್ಬನಿಗೆ. ಹೀಗೆ ಮೂವರು ನಡೆಯುತ್ತ ಬಾರಿಸುತ್ತಿದ್ದುದನ್ನು ಅಮೆರಿಕದವರು ಒಬ್ಬನ ಮುಂದೆ ತಂದಿಟ್ಟರು. 1909ರಲ್ಲಿ ಚಿಕಾಗೋ ನಗರದ ವಿಲಿಯಂ ಲಡ್ವಿಗ್ ಎಂಬವರು ವೇಗವಾಗಿ ತುಳಿಯಬಹುದಾದ ಪೆಡಲನ್ನು ಮಾಡಿದ ಮೇಲೆ ದೊಡ್ಡ ಡ್ರಮ್ಮು ಬಲಗಾಲಿನ ಪಾಲಾಯಿತು. ಎಡಗಾಲಿಗೆ ಜೋಡಿ ತಾಳಗಳು. ಎರಡು ಕೈಗಳಿಗೆ ಉಳಿದದ್ದೆಲ್ಲ. ಮೂವರ ಸಂಬಳ ಒಬ್ಬನಿಗೆ ಬಂತೆಂದು ತಿಳಿಯಬೇಡಿ. ಮೂವರ ಕೆಲಸ ಮಾತ್ರ ಬಂತು. ನಾಲ್ಕು ಅವಯವಗಳಿಗೆ ನಾಲ್ಕು ಬಗೆಯ ಕೆಲಸವನ್ನು ಒಪ್ಪಿಸಿ ಮನಸ್ಸನ್ನು ಐದನೆಯದಾಗಿ ಬೇರೆ ಇಟ್ಟುಕೊಂಡಿರಬೇಕು. ರಾಕ್ ಸಂಗೀತದಲ್ಲಿ ಇದರ ಮೂಲಸೂತ್ರ ಬಹಳ ಸರಳ: ನಾಲ್ಕೆಣಿಕೆಯಲ್ಲಿ ಒಂದಕ್ಕೂ ಮೂರಕ್ಕೂ ಕಾಲು, ಎರಡಕ್ಕೂ ನಾಲ್ಕಕ್ಕೂ ಕೈ. ಕೇಳುವವರ ಚಪ್ಪಾಳೆಯೂ ಆ ಎರಡಕ್ಕೆ ನಾಲ್ಕಕ್ಕೆ ಬೀಳುತ್ತದೆ. ನಮ್ಮ ಭಜನೆಯಲ್ಲಿ ಒಂದಕ್ಕೇ ಚಪ್ಪಾಳೆ ಹಾಕಿ ರೂಢಿಯಾದವರಿಗೆ ಇದು ಮೊದಮೊದಲು ಎಡವಿದಂತೆ ಕೇಳಿಸೀತು.

ನಾನು ಕೋಲು ಹಿಡಿದದ್ದು 1968ರಲ್ಲಿ. ರೇಡಿಯೊ ಸಿಲೋನಿನಲ್ಲಿ ಕೇಳಿದ ಇಂಗ್ಲಿಷ್ ಹಾಡುಗಳನ್ನು ಮದರಾಸು, ಬೆಂಗಳೂರು, ಮುಂಬಯಿ, ಕಲಕತ್ತೆಗಳ ಕಾಲೇಜು ಹುಡುಗರು ಮಕ್ಕಿಕಾಮಕ್ಕಿ ನುಡಿಸುತ್ತಿದ್ದ ಕಾಲ. ‘ಬೀಟ್ ಗ್ರೂಪು’ ಎಂದು ಹೆಸರು. ಸಿಗರೇಟು ಕಂಪನಿಯೊಂದು 1970, 71ರಲ್ಲಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆಯನ್ನೇ ನಡೆಸಿ, ಗೆದ್ದವರ ಹಾಡುಗಳನ್ನು ಧ್ವನಿಮುದ್ರಿಕೆಯಾಗಿ ಹೊರತಂದಿತು. ಬೆಂಗಳೂರಿನ ‘ಟ್ರೋಜನ್ಸ್’ ತಂಡದಲ್ಲಿದ್ದ ಕೊಡಗಿನ ಮನೆತನದ ಬಿದ್ದು ಅಪ್ಪಯ್ಯ ಎಂಬ ಯುವಕ ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡನ್ನು ತಯಾರಿಸಿ ಜಗತ್ತನ್ನೇ ಕುಣಿಸಿದ್ದು ನಿಮಗೆ ತಿಳಿದಿರಬಹುದು. ಅಂಥವರು ಒಬ್ಬರು. ಉಳಿದವರು ಬ್ಯಾಂಕಿಗೆ, ರೈಲ್ವೆಗೆ ಸೇರಿದರು. ನಾನು ಲಘು ಸಂಗೀತದ ಆರ್ಕೆಸ್ಟ್ರಾಗಳಿಗೆ ಸೇರಿದೆ.

ಆರ್ಕೆಸ್ಟ್ರಾ ಎಂದರೆ ಮದುವೆಮನೆ, ಗಣೇಶೋತ್ಸವ, ಕಂಪನಿಯ ವಾರ್ಷಿಕೋತ್ಸವ. ತಮಿಳು, ಹಿಂದಿ, ತೆಲುಗು ಹಾಡುಗಳ ನಡುವೆ ಕನ್ನಡ ಸಂಘದವರು ಕರೆದಾಗ ಕನ್ನಡ ಹಾಡುಗಳು. ಕನ್ನಡ ಚಿತ್ರಗಳ ಸಂಗೀತವೆಲ್ಲ ಆಗ ಬಹುಮಟ್ಟಿಗೆ ಇದೇ ಊರಿನಲ್ಲಿ ಹುಟ್ಟುತ್ತಿತ್ತೆಂಬುದನ್ನು ಈಗಿನ ಮಕ್ಕಳು ನಂಬುವುದಿಲ್ಲ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಇವರ ರಾಗಗಳಿಗೆ ತಾಳ ಹಾಕಿದ ಕೈಗಳು ಕೋಡಂಬಾಕ ವಡಪಳನಿಗಳ ಕೈಗಳು. ವೆಂಕಟೇಶರ ಸಹಾಯಕರಾಗಿ ಕೆಲಸ ಮಾಡಿದ ತರುಣರೊಬ್ಬರು ಮುಂದೆ ಇಳಯರಾಜ ಎಂದು ಪ್ರಸಿದ್ಧರಾದರು. ಆಗಿನ ಧ್ವನಿಮುದ್ರಣದಲ್ಲಿ ಪಿಟೀಲಿನವರು, ಕೊಳಲಿನವರು, ತಬಲದವರು, ಹಾಡುವವರು ಎಲ್ಲರೂ ಒಟ್ಟಿಗೆ ಒಂದೇ ವೇಳೆಗೆ ನುಡಿಸಬೇಕಾಗಿತ್ತು. ಒಬ್ಬನ ಕೈ ಜಾರಿದರೆ ಎಲ್ಲರೂ ಮೊದಲಿನಿಂದ. ಡ್ರಮ್ಮಿನ ಸದ್ದು ಎಲ್ಲರ ಮೈಕಿಗೂ ನುಗ್ಗುವುದರಿಂದ ಅದನ್ನು ಬಾರಿಸುವವನನ್ನು ಬೇರೆಯಾಗಿ ಕೂರಿಸುವರು. ಅಸ್ಪೃಶ್ಯತೆ ಕಾನೂನಿನಿಂದ ಹೋಯಿತಾದರೂ ನಮ್ಮ ವಾದ್ಯದ ಪಾಲಿಗೆ ಉಳಿದುಕೊಂಡಿತ್ತೆಂದು ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ನಾನು ಚಿತ್ರಗಳಿಗೆ ನುಡಿಸಿದವನಲ್ಲ. ಅವರು ನುಡಿಸಿದ್ದನ್ನು ಬೀದಿಗೆ ತಲುಪಿಸಿದವನು. 1978ರಲ್ಲಿ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ ಚಿತ್ರ ಬಂದು, ಅದರಲ್ಲಿ ರಾಜಕುಮಾರರು ಇಂಗ್ಲಿಷ್ ಹಾಡೊಂದನ್ನು ಹಾಡಿದ ಮೇಲೆ, ಹತ್ತಾರು ವರ್ಷ ಆ ಹಾಡಿಲ್ಲದೆ ಕನ್ನಡ ಸಂಘದ ಕಾರ್ಯಕ್ರಮ ಮುಗಿಯುತ್ತಿರಲಿಲ್ಲ. ಇಂಗ್ಲಿಷನ್ನು ಬೆಂಗಳೂರಿನ ಹುಡುಗರು ನುಡಿಸಿದಾಗ ಮೂಗು ಮುರಿದ ಹಿರಿಯರೇ ರಾಜಕುಮಾರರ ಬಾಯಿಂದ ಬಂದೊಡನೆ “ಒನ್ಸ್ ಮೋರ್” ಎಂದು ಕೂಗಿದರು. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ತಮ್ಮವರು ಕೈಹಿಡಿದು ಕರೆತಂದರೆ ಜನ ಯಾವುದನ್ನಾದರೂ ಒಳಗೆ ಬಿಟ್ಟುಕೊಳ್ಳುತ್ತಾರೆ.

ಕಾರ್ಯಕ್ರಮ ಇಲ್ಲದ ದಿನ ನಾವು ಹೋಗಿ ಕುಳಿತುಕೊಳ್ಳುತ್ತಿದ್ದುದು ಕೃಷ್ಣರಾಯರು 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ. ಗಾಯಕ ಪಿ.ಬಿ. ಶ್ರೀನಿವಾಸರು ಅಲ್ಲಿ ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಬರೆಯುತ್ತ ಕೂರುತ್ತಿದ್ದರು. ಒಂದು ಕಾಫಿಗೆ ಎಷ್ಟು ಹೊತ್ತು ಕೂತರೂ ಏಳಿ ಎನ್ನುವವರಿರಲಿಲ್ಲ. 2008ರಲ್ಲಿ ಅದು ಮುಚ್ಚಿತು; ಈಗ ಅಲ್ಲಿ ಉದ್ಯಾನವಿದೆ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ರಾತ್ರಿಯೆಲ್ಲ ನುಡಿಸಿ, ಬೆಳಗ್ಗೆ ಡ್ರಮ್ಮುಗಳನ್ನು ರಿಕ್ಷಾಕ್ಕೆ ಹೇರುವಾಗ ಕಂಟ್ರಾಕ್ಟುದಾರನು ಕಾಣೆಯಾಗಿರುತ್ತಿದ್ದುದು ಒಂದೆರಡು ಬಾರಿಯಲ್ಲ. ಒಮ್ಮೆ ಒಬ್ಬ ಮಹಾಶಯರು ಹಣದ ಬದಲು ಎರಡು ಬುಟ್ಟಿ ಲಾಡು ಕಳುಹಿಸಿಕೊಟ್ಟರು. ನನ್ನ ಹೆಂಡತಿ ಅದನ್ನು ಸಂದಿಗೆಲ್ಲ ಹಂಚಿ, “ಮುಂದಿನ ತಿಂಗಳ ಬಾಡಿಗೆಯನ್ನೂ ಲಾಡಿನಲ್ಲೇ ಕೊಡೋಣ” ಎಂದಳು. ಆಕೆ ಹಪ್ಪಳ ಉಪ್ಪಿನಕಾಯಿ ಮಾರಿ ನಡೆಸಿದ ಸಂಸಾರದಲ್ಲಿ ನಾನು ಕಲಾವಿದನಾಗಿ ಬಾಳಿದೆ. ಇದನ್ನು ಸಭೆಯಲ್ಲಿ ಹೇಳಬೇಕೆಂದು ಬಹಳ ದಿನದಿಂದ ಇತ್ತು.

ಈಗ ನಾನು ಯಾರ ವಿಷಯ ಹೇಳಬೇಕೆಂದು ನಿಂತೆನೋ ಅವರ ಬಳಿಗೆ ಬರುತ್ತೇನೆ.

1948ರಲ್ಲಿ ನಮ್ಮ ಇದೇ ಮದರಾಸಿನಲ್ಲಿ ಹುಟ್ಟಿದ ರಮೇಶ್ ಶೋಥಮ್ ಎಂಬ ಡ್ರಮ್ ವಾದಕರಿದ್ದಾರೆ. ತಮ್ಮ ಸಹೋದರ ಸುರೇಶರೊಡನೆ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ಅವರು ಬಾರಿಸಿದರು. ರಾಧಾ ಥಾಮಸ್ ಅದರಲ್ಲಿ ಹಾಡಿದರು. 1970ರ ದಶಕದ ಬೆಂಗಳೂರಿನಲ್ಲಿ ಆ ತಂಡಕ್ಕೆ ದೊಡ್ಡ ಹೆಸರು. ನಮ್ಮಂಥವರು ಇಲ್ಲಿ ಕುಳಿತು ಅವರ ಹೆಸರನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೆವು. ಅಷ್ಟಕ್ಕೇ ನಿಂತಿದ್ದರೆ ರಾಜ್ಯೋತ್ಸವದ ದಿನ ಅವರ ಮಾತೆತ್ತುವ ಕಾರಣವಿರಲಿಲ್ಲ.

ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ತಾಳವಾದ್ಯಗಳ ಶಾಲೆಯೊಂದು 1964ರಲ್ಲಿ ಮೊದಲಾಯಿತು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರೂ ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿಯವರೂ ಅದನ್ನು ಬೆಳೆಸಿದರು. ರಾಕ್ ಡ್ರಮ್ಮಿನಲ್ಲಿ ಆಗಲೇ ಕೈ ಕುದುರಿ ಹೆಸರು ಬಂದಿದ್ದ ರಮೇಶರು ಆ ಶಾಲೆಗೆ ಹೋಗಿ, ತಕಧಿಮಿಯಿಂದ ಪಾಠ ಆರಂಭಿಸಿದರು. ತವಿಲ್, ಮೃದಂಗ, ಘಟ, ಖಂಜಿರ, ಮೋರ್ಸಿಂಗುಗಳು ಅವರ ವಾದ್ಯಗಳಾದುವು. ತವಿಲ್ ಎಂದರೆ ನಮ್ಮ ಹಳೆ ಮೈಸೂರು ಕಡೆಯವರು ಡೋಲು ಎನ್ನುವುದು, ನಾಗಸ್ವರದ ಒಡನಾಡಿ. ಒಂದು ಬದಿಗೆ ಬೆರಳುಗಳಿಗೆ ಗಟ್ಟಿ ಕವಚ ತೊಟ್ಟ ಕೈ, ಇನ್ನೊಂದು ಬದಿಗೆ ಕೋಲು. ಹಲಸಿನ ಮರದ ಹೊಟ್ಟೆ. ಅದರ ಹೊಡೆತಕ್ಕೆ ಮೈಕು ಬೇಡ, ದೇವಸ್ಥಾನದ ಪ್ರಾಕಾರವೇ ಸಾಕು.

ವಯಸ್ಸಾದ ಮೇಲೆ, ಹೆಸರು ಬಂದ ಮೇಲೆ, ಮೊದಲ ತರಗತಿಯ ಮಗುವಿನ ಪಕ್ಕದಲ್ಲಿ ಕುಳಿತು ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಈ ಸಭೆಯಲ್ಲಿ ಬಲ್ಲವರಿದ್ದಾರೆ. ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಮೂವತ್ತೈದು ವರ್ಷದ ಇಂಜಿನಿಯರರು ತಮ್ಮ ಮಗಳ ಜೊತೆಗೆ ಕಾಗುಣಿತ ತಿದ್ದಿದ್ದನ್ನು ನಾವು ನೋಡಿದ್ದೇವೆ. ಮಗಳು ಬೇಗ ಕಲಿತಳು. ಅವರು ತಡವಾಗಿ ಕಲಿತರೂ ಬಿಡಲಿಲ್ಲ.

ಕಲಿತದ್ದರಿಂದ ಏನಾಯಿತು? 1980ರ ಸುಮಾರಿಗೆ ರಮೇಶರು ಯೂರೋಪಿಗೆ ಹೋಗಿ ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿದರು. ನಮ್ಮ ಅಜ್ಜಿಯರು ತಲೆನೋವಿಗೆ ಹಚ್ಚಿಕೊಳ್ಳುತ್ತಿದ್ದ ಓಡಿಕೊಲೋನ್ ಆ ಊರಿನದೇ. ಅಲ್ಲಿ ಡ್ರಮ್ ಸೆಟ್ ಬಾರಿಸುವವರಿಗೆ ಬರಗಾಲವೇ? ಬೀದಿಗೊಬ್ಬರು. ಬರಿಯ ರಾಕ್ ಡ್ರಮ್ಮಿನವರಾಗಿ ಹೋಗಿದ್ದರೆ ಸಾವಿರದಲ್ಲಿ ಒಬ್ಬರಾಗುತ್ತಿದ್ದರು. ತವಿಲನ್ನೂ ಘಟವನ್ನೂ ಎತ್ತಿಕೊಂಡು ಹೋದುದರಿಂದ ಅವರಿಗಾಗಿಯೇ ಕರೆಗಳು ಬಂದುವು. ಲೆಬನಾನ್ ದೇಶದ ಊದ್ ವಾದಕ ರಬಿಹ್ ಅಬು ಖಲೀಲರ ‘ಬ್ಲೂ ಕ್ಯಾಮೆಲ್’ ಎಂಬ 1992ರ ಧ್ವನಿಮುದ್ರಿಕೆಯನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಅರಬ್ಬೀ ಚೌಕಟ್ಟಿನ ಡ್ರಮ್ಮು ಒಂದು ಕಡೆ, ಲ್ಯಾಟಿನ್ ಅಮೆರಿಕದ ಸಂಗೀತದಲ್ಲಿ ಕೇಳುವ ಕೊಂಗಾ ಒಂದು ಕಡೆ, ರಮೇಶರ ದಕ್ಷಿಣ ಭಾರತದ ವಾದ್ಯಗಳು ಮತ್ತೊಂದು ಕಡೆ. ಮೂರೂ ಒಂದರ ಮೇಲೊಂದು ಬೀಳದೆ ಮಾತನಾಡಿಕೊಳ್ಳುತ್ತವೆ. ತಮ್ಮದೇ ತಂಡವನ್ನು ಕಟ್ಟಿದಾಗ ಅವರು ಇಟ್ಟ ಹೆಸರು ‘ಮದ್ರಾಸ್ ಸ್ಪೆಷಲ್’. ಹೋಟೆಲಿನ ಬೋರ್ಡಿನಂತಿರುವ ಈ ಹೆಸರು ಕೇಳಿದಾಗಲೆಲ್ಲ ನನಗೆ ಗಲ್ಲದ ಮೇಲಿನ ಅಪ್ಪಯ್ಯ ನೆನಪಿಗೆ ಬರುತ್ತಾರೆ.

ಅದೇ ಧ್ವನಿಮುದ್ರಿಕೆಯಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು ಚಾರ್ಲಿ ಮರಿಯಾನೊ. ಅಮೆರಿಕದ ಬಾಸ್ಟನ್ನಿನವರು, ನಮ್ಮ ಕಥೆಯಲ್ಲಿ ಅತ್ತ ಕಡೆಯಿಂದ ನಡೆದುಬಂದವರು. 1960ರ ದಶಕದಲ್ಲಿ ಮಲೇಷ್ಯಕ್ಕೆ ಹೋಗಿದ್ದಾಗ ನಾಗಸ್ವರದ ನಾದಕ್ಕೆ ಮರುಳಾಗಿ, ಅದನ್ನು ಕಲಿಯಲು ದಕ್ಷಿಣ ಭಾರತಕ್ಕೂ ಬಂದರು. ನಾಗಸ್ವರ ಕಲಿತ ಅಮೆರಿಕದವರೂ, ರಾಕ್ ಬಾರಿಸಿ ತವಿಲಿಗೆ ಬಂದ ಮದರಾಸಿನವರೂ ಜರ್ಮನಿಯಲ್ಲಿ ಕೂಡಿ ನುಡಿಸಿದರು. 1983ರಲ್ಲಿ ಮರಿಯಾನೊ ಅವರು ರಮಾಮಣಿ, ಮಣಿ, ಮತ್ತು ಆ ಶಾಲೆಯ ಇತರ ವಾದಕರ ಜೊತೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಅದರ ಹೊದಿಕೆಯ ಮೇಲೆ ‘ಕರ್ನಾಟಕ’ ಎಂಬ ಹೆಸರಿದೆ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಹತ್ತೇ ವರ್ಷದಲ್ಲಿ ಅದು ಜರ್ಮನಿಯ ಅಂಗಡಿಗಳಲ್ಲಿ ಮಾರಾಟಕ್ಕೆ ಕುಳಿತಿತ್ತು. ರಮೇಶರನ್ನು ಕನ್ನಡಿಗರೆಂದು ನಾನು ಹಕ್ಕು ಸಾಧಿಸಲು ಹೊರಟಿಲ್ಲ. ಆ ಶಾಲೆ ನಮ್ಮದು, ಅಷ್ಟು ಹೇಳಿದರೆ ನನಗೆ ಸಾಕು.

ಶಾಲೆಯಲ್ಲಿ ಕಲಿಸುವುದಾದರೂ ಏನು ಎಂದು ಕೇಳುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಬಾರಿಸುವುದಿಲ್ಲ, ಬಾಯಲ್ಲಿ ಮಾತ್ರ. ಕಾರ್ಯದರ್ಶಿಗಳು ಗಾಬರಿಯಾಗಬೇಡಿ. ತಕಿಟ ಎಂದರೆ ಮೂರು. ತಕಧಿಮಿ ಎಂದರೆ ನಾಲ್ಕು. ತಕತಕಿಟ ಎಂದರೆ ಐದು. ತಕಿಟತಕಧಿಮಿ ಏಳು. ಈಗ ಹದಿನಾರು ಎಣಿಕೆಯ ಜಾಗವಿದೆಯೆಂದು ಇಟ್ಟುಕೊಳ್ಳಿ, ಆದಿತಾಳದ ಎರಡು ಸುತ್ತು. ಮೊದಲ ಎಣಿಕೆಯಲ್ಲಿ ಸುಮ್ಮನಿರಿ. ಎರಡರಿಂದ ಆರಂಭಿಸಿ ತಕತಕಿಟ, ತಕತಕಿಟ, ತಕತಕಿಟ ಎಂದು ಮೂರು ಬಾರಿ ಹೇಳಿ. ಮೂರೈದು ಹದಿನೈದು. ಹದಿನಾರು ಮುಗಿಯಿತು, ಮುಂದಿನ ಪೆಟ್ಟು ಸಮಕ್ಕೆ ಬಂದು ಬಿತ್ತು. ಕೇಳುವವನಿಗೆ ನಡುವೆ ಇವನು ದಾರಿ ತಪ್ಪಿದ ಎನ್ನಿಸುತ್ತದೆ, ಏಕೆಂದರೆ ಐದರ ನಡೆ ನಾಲ್ಕರ ಮೇಲೆ ಓರೆಯಾಗಿ ಹೋಗುತ್ತದೆ. ಕೊನೆಗೆ ಎಲ್ಲವೂ ಒಟ್ಟಿಗೆ ಮನೆಗೆ ಬಂದು ತಲುಪಿದಾಗ ಒಂದು ಉಸಿರು ಬಿಡುತ್ತಾನೆ. ರಾಕ್ ಡ್ರಮ್ಮಿನವನು ಇದನ್ನು ಕೈಬಲದಿಂದ ಮಾಡಲಾರ. ಎಣಿಕೆ ಬಾಯಲ್ಲಿ ಕೂತಿರಬೇಕು. ಈ ಕೊನ್ನಕೋಲನ್ನು ಕಲಿಯಲು ಯೂರೋಪಿನ ವಾದಕರು ವಿಮಾನ ಹತ್ತಿ ಬೆಂಗಳೂರಿಗೆ ಬಂದರು. ತಂಗಸಾಲೆ ಬೀದಿಯ ಮಕ್ಕಳು ಬಸ್ಸೂ ಹತ್ತಬೇಕಾಗಿಲ್ಲ.

ನನ್ನ ಕೆಲಸ ಹೋದದ್ದು 1990ರ ದಶಕದಲ್ಲಿ. ಜಪಾನಿನ ರೋಲ್ಯಾಂಡ್ ಕಂಪನಿಯವರು 1980ರಲ್ಲಿ ಟಿಆರ್-808 ಎಂಬ ತಾಳಯಂತ್ರವನ್ನೂ, 1985ರಲ್ಲಿ ಆಕ್ಟಾಪ್ಯಾಡ್ ಎಂಬ ಎಂಟು ಮನೆಗಳ ಹಲಗೆಯನ್ನೂ ಹೊರತಂದಾಗ ನಾವು ನಕ್ಕಿದ್ದೆವು. ಹತ್ತು ವರ್ಷ ಹೋಗುವಷ್ಟರಲ್ಲಿ ಡ್ರಮ್, ತಬಲ, ಢೋಲಕ್, ಖಂಜಿರ ಎಲ್ಲವೂ ಆ ಹಲಗೆಯೊಳಗೆ ಸೇರಿಹೋದುವು. ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಬಹುದಾದ ವಾದ್ಯವಿರುವಾಗ ನನ್ನ ರಿಕ್ಷಾ ಬಾಡಿಗೆಯನ್ನು ಯಾರು ಕೊಟ್ಟಾರು? 1992ರಲ್ಲಿ ‘ರೋಜಾ’ ಚಿತ್ರ ಬಂದ ಮೇಲೆ ಕಂಪ್ಯೂಟರಿನ ತಾಳಕ್ಕೆ ಜನರ ಕಿವಿಯೂ ಒಗ್ಗಿತು. ಕನ್ನಡ ಚಿತ್ರರಂಗವಂತೂ ಅದಕ್ಕೆ ಮುಂಚೆಯೇ ಬೆಂಗಳೂರಿಗೆ ಗಂಟುಮೂಟೆ ಕಟ್ಟಿತ್ತು; ಅದು ಸರಿಯೇ, ಮನೆಯವರು ಮನೆಗೆ ಹೋದರು. ನನ್ನ ಜೊತೆಯವರು ಕೆಲವರು ಅವರ ಹಿಂದೆ ಹೋದರು. ನಾನು ಇಲ್ಲೇ ಉಳಿದೆ. ಮಕ್ಕಳ ಶಾಲೆ, ಹೆಂಡತಿಯ ಹಪ್ಪಳದ ಗಿರಾಕಿಗಳು, ಹಳೆಯ ಬಾಡಿಗೆ.

ಯಂತ್ರವನ್ನು ಬೈಯುವುದು ನನ್ನ ಉದ್ದೇಶವಲ್ಲ. ಯಂತ್ರ ಬಂದಾಗ ವಾದಕನ ಅನ್ನ ಹೋಗುವುದು ಇದು ಮೊದಲನೆಯ ಬಾರಿಯಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂ, ತಬಲ ನುಡಿಸುವವರಿದ್ದರು. ಮೊದಲ ತಮಿಳು ಮಾತಿನ ಚಿತ್ರವೆಂದು ಹೆಸರಾದ ‘ಕಾಳಿದಾಸ್’ 1931ರಲ್ಲಿ ಈ ನಗರದ ಕಿನೆಮಾ ಸೆಂಟ್ರಲಿನಲ್ಲಿ ತೆರೆಕಂಡಿತು. ಪರದೆಯೇ ಮಾತನಾಡಿ ಹಾಡತೊಡಗಿದ ಮೇಲೆ ಅಂಥವರಿಗೆ ಕೆಲಸವಿಲ್ಲ. ಮೈಸೂರಿನಲ್ಲಿ ಹಾಗೆ ಮೂಕಿ ಚಿತ್ರಗಳಿಗೆ ನುಡಿಸುತ್ತಿದ್ದವರೊಬ್ಬರು ರಾಜಪ್ಪನವರು. ಅವರ ಮಕ್ಕಳು ರಾಜನ್–ನಾಗೇಂದ್ರ. ‘ಸೌಭಾಗ್ಯಲಕ್ಷ್ಮಿ’ಯಿಂದ ಮೊದಲುಗೊಂಡು ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’ಗಳವರೆಗೆ, ತಂದೆಯ ಕಸುಬನ್ನು ತಿಂದುಹಾಕಿದ ಅದೇ ಮಾತಿನ ಚಿತ್ರದಿಂದ ಅವರು ಏನು ಪಡೆದರೆಂಬುದು ನಿಮಗೆಲ್ಲ ಗೊತ್ತು. ರಾಜಪ್ಪನವರು ಮಕ್ಕಳಿಗೆ ಕಲಿಸಿದ್ದರು, ಆದುದರಿಂದ ಹಾಗಾಯಿತು.

ನಾನೂ ಕಲಿಸಲು ಹಿಡಿದೆ. ಈಗ ಷರತ್ತಿನ ಕಥೆಗೆ ಬಂದೆ. ಎರಡು ವರ್ಷದಿಂದ ಭಾನುವಾರಗಳಲ್ಲಿ ಸಂಘದ ಹಿಂದಿನ ಕೋಣೆಯಲ್ಲಿ ಒಂಬತ್ತು ಮಕ್ಕಳು ನನ್ನ ಬಳಿ ಕಲಿಯುತ್ತಿದ್ದಾರೆ. ಅವರಲ್ಲಿ ಇಬ್ಬರು ಮಾರವಾಡಿ ಮನೆಯವರು, ಒಬ್ಬಳು ತಮಿಳು ಹುಡುಗಿ. ಮೊದಲು ಮೂರು ತಿಂಗಳು ಡ್ರಮ್ ಮುಟ್ಟಗೊಡುವುದಿಲ್ಲ. ಬಾಯಲ್ಲಿ ಸೊಲ್ಲು, ಕೈಯಲ್ಲಿ ತಾಳ. ಎಣಿಕೆ ಕನ್ನಡದಲ್ಲಿ. ಜಗತ್ತಿನ ಬ್ಯಾಂಡುಗಳೆಲ್ಲ “ಒನ್, ಟೂ, ತ್ರೀ, ಫೋರ್” ಎಂದು ಹಾಡು ಹೊರಡಿಸುತ್ತವೆ. ನಮ್ಮ ಕೋಣೆಯಲ್ಲಿ “ಒಂದು, ಎರಡು, ಮೂರು, ನಾಲ್ಕು” ಎಂದು ಹೊರಡುತ್ತದೆ. ಆ ಮಾರವಾಡಿ ಹುಡುಗರು ಹದಿನಾರರವರೆಗೆ ಕನ್ನಡದಲ್ಲಿ ಎಣಿಸುವುದನ್ನು ನಮ್ಮ ಮಕ್ಕಳಿಗಿಂತ ಮುಂಚೆ ಕಲಿತರು. ಅದನ್ನು ಕಂಡ ಮೇಲೆಯೇ ನಮ್ಮ ಮಕ್ಕಳಿಗೆ ರೋಷ ಬಂದದ್ದು.

ಡ್ರಮ್ಮಿಗೆ ಬಂದಾಗ ತೊಂದರೆ ಆರಂಭವಾಯಿತು. ಪಕ್ಕದ ಮನೆಯವರು ದೂರು ಕೊಟ್ಟರು. ಅವರದು ತಪ್ಪೆಂದು ನಾನು ಹೇಳಲಾರೆ, ಹನ್ನೊಂದು ಘಂಟೆಗೆ ಮಲಗಿದ ಹಸುಗೂಸು ಎದ್ದು ಅತ್ತರೆ ಯಾವ ತಾಯಿ ಸಹಿಸಿಯಾಳು? ಆದರೆ ನಮ್ಮ ಸಂಘದ ಒಳಗೇ ಹುಟ್ಟಿದ ಇನ್ನೊಂದು ದೂರಿಗೆ ಉತ್ತರ ಹೇಳಬೇಕಾಗಿದೆ. ಕನ್ನಡ ಸಂಘದಲ್ಲಿ ಡೊಳ್ಳು, ಕಂಸಾಳೆ, ಚಂಡೆ ಇರಲಿ, ಈ ವಿಲಾಯತಿ ಡಬ್ಬಗಳೇಕೆ ಎಂದು ಹಿರಿಯ ಸದಸ್ಯರೊಬ್ಬರು ಬರೆದುಕೊಟ್ಟಿದ್ದಾರೆ. ಕೋಣೆಯನ್ನು ಖಾಲಿ ಮಾಡಿಸಿ ಉಗ್ರಾಣ ಮಾಡುವ ಸೂಚನೆಯೂ ಸಮಿತಿಯ ಮುಂದಿದೆ. ಅವರ ಮೇಲೆ ನನಗೆ ಗೌರವವಿದೆ. ಈ ಸಂಘದ ಮೊದಲ ಬೀರುವಿಗೆ ಪುಸ್ತಕ ಹೊತ್ತು ತಂದವರು ಅವರು. ಆದರೂ ಒಂದೆರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಪಿಟೀಲು ಯಾರದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಈ ಮದರಾಸಿನ ಪಕ್ಕದ ಮಣಲಿಯಲ್ಲಿದ್ದಾಗ ಯೂರೋಪಿಯನ್ನರಿಂದ ಅದನ್ನು ಕಲಿತರು. ಈಗ ಪಿಟೀಲಿಲ್ಲದೆ ಕರ್ನಾಟಕ ಸಂಗೀತದ ಕಚೇರಿಯೇ ಇಲ್ಲ. ಹಾರ್ಮೋನಿಯಂ ಇಲ್ಲದ ಕಂಪನಿ ನಾಟಕ ಉಂಟೆ? ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಎರಡಕ್ಕೂ ಸಂಬಳ ಒಂದೇ ಖಜಾನೆಯಿಂದ. ಡೊಳ್ಳು ಚಂಡೆಗಳನ್ನು ನಾನು ಬೇಡವೆನ್ನುತ್ತೇನೆಯೇ? ಕಲಿಸುವವರನ್ನು ಊರಿನಿಂದ ಕರೆಸೋಣ, ಮೊದಲ ಸಾಲಿನಲ್ಲಿ ಕುಳಿತು ನಾನೇ ಕಲಿಯುತ್ತೇನೆ. ಅವು ಬರುವವರೆಗೆ ಈ ಕೋಣೆಯಲ್ಲಿ ಒಂಬತ್ತು ಮಕ್ಕಳು ವಾರಕ್ಕೊಮ್ಮೆ ಎರಡು ಘಂಟೆ ಕನ್ನಡ ಕೇಳುತ್ತಿದ್ದಾರೆ. ಕೋಣೆಗೆ ಬೀಗ ಬಿದ್ದರೆ ಅವರಲ್ಲಿ ಎಷ್ಟು ಮಂದಿ ಸಂಘದ ಮೆಟ್ಟಿಲು ಹತ್ತುವರೆಂಬುದನ್ನು ಸಮಿತಿಯವರು ಯೋಚಿಸಬೇಕು.

ಸದ್ದಿನ ವಿಷಯಕ್ಕೆ ಪರಿಹಾರವಿದೆ. ಡ್ರಮ್ಮುಗಳ ಬದಲು ರಬ್ಬರಿನ ಹಲಗೆಗಳ ಮೇಲೆ ಅಭ್ಯಾಸ ಮಾಡಿಸಬಹುದು. ಒಂದು ಹಲಗೆಯನ್ನು ಹಳೆಯ ಸೈಕಲ್ ಟ್ಯೂಬು ಮತ್ತು ಪ್ಲೈವುಡ್ಡಿನಿಂದ ನಾನೇ ಮಾಡಿ ನೋಡಿದ್ದೇನೆ, ಮರದ ಬಾಗಿಲು ತಟ್ಟಿದಷ್ಟೂ ಸದ್ದಾಗುವುದಿಲ್ಲ. ಗೋಡೆಗೆ ಹಳೆಯ ರಜಾಯಿಗಳನ್ನು ತೂಗುಹಾಕೋಣ. ಗೋಡೌನ್ ಬೀದಿಯ ಜವಳಿ ಅಂಗಡಿಯ ಮಿತ್ರರೊಬ್ಬರು ಹನ್ನೆರಡು ಕೊಡುತ್ತೇನೆಂದಿದ್ದಾರೆ. ನಿಜವಾದ ಡ್ರಮ್ ಸೆಟ್ಟನ್ನು ತಿಂಗಳಿಗೆ ಒಂದೇ ಬಾರಿ, ಸಂಜೆ ನಾಲ್ಕರಿಂದ ಐದು, ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿ ತೆರೆಯೋಣ. ಆ ತಾಯಿಯೊಡನೆ ನನ್ನ ಹೆಂಡತಿ ಮಾತನಾಡಿದ್ದಾಳೆ. ಕೂಸಿಗೆ ಮೂರು ವರ್ಷ ತುಂಬಿದ ಮೇಲೆ ತರಗತಿಗೆ ಸೇರಿಸಿಕೊಳ್ಳುವುದಾದರೆ ಅಡ್ಡಿಯಿಲ್ಲವೆಂದಿದ್ದಾರಂತೆ.

ಸಮಿತಿಯ ಸಭೆ ಬರುವ ಶುಕ್ರವಾರವಿದೆ. ಅವರ ತೀರ್ಮಾನ ಏನೇ ಆಗಲಿ, ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ತರಗತಿ ಇದ್ದೇ ಇದೆ; ಕೋಣೆ ಸಿಕ್ಕದಿದ್ದರೆ ನಮ್ಮ ಮನೆಯ ಮಹಡಿಯ ಮೇಲೆ. ಮಕ್ಕಳು ಎರಡು ಕೋಲು ತಂದರೆ ಸಾಕು. ದೊಡ್ಡವರೂ ಬರಬಹುದು.